ಉಸಿರಿಗೆ ಬದಲಿ ಹಾಜರಿ ಇಲ್ಲ

ನಾನು ಡೊಂಬಿವಲಿಗೆ ಬಂದು ಇನ್ನೂ ಎಂಟು ದಿನ ಆಗಿರಲಿಲ್ಲ, ಕೈಯಾಗಿನ ಬೆಳ್ಳಿ ಕಡಗ ಕರ್ರಗಾದವು. ನಮ್ಮತ್ತಿ ಹಾಕಿದ ಕಡಗ ಅವು. ಮೂವತ್ತು ವರ್ಷ ಹೊಲದಾಗ, ಸಗಣಿಯಾಗ, ಸುಣ್ಣದಾಗ ಕೈ ಹಾಕೀನಿ, ಅಷ್ಟು ಕಪ್ಪು ಯಾವತ್ತೂ ಆಗಿರಲಿಲ್ಲ. ಮೈಯಾಗ ವಿಷ ಸೇರಿದ್ರ ಬೆಳ್ಳಿ ಕಪ್ಪಾಗತೈತಿ ಅಂತ ನಮ್ಮ ಕಡೆ ಮಾತೈತಿ. ನನ್ನ ಕಥೆ ಮುಗೀತು ಅಂದುಕೊಂಡು ಮಗಳು ನೀಲವ್ವನ ಮುಂದ ಕೈ ಚಾಚಿದೆ.

"ಏ ಅವ್ವಾ, ನಿನಗೇನೂ ಆಗಿಲ್ಲ. ಇಲ್ಲಿ ಎಲ್ಲಾರದೂ ಕರ್ರಗಾಗತಾವ. ಗಾಳಿನ ಹಂಗೈತಿ. ಹಲ್ಲಿನ ಪುಡಿ ಹಚ್ಚಿ ತಿಕ್ಕು," ಅಂದಳು. ಅಷ್ಟೇ. ಉಪ್ಪು ತೀರೇತಿ ಅಂದಂಗ ಅಂದಳು.

ಬೆಳ್ಳಿನೇ ಕರ್ರಗಾಗೋ ಗಾಳಿಯಾಗ ಮಂದಿ ಮಕ್ಕಳನ್ನ ಹಡೀತಾರಲ್ಲ ಅಂತ ನನಗ ಅವತ್ತು ಅನಿಸಿತು. ಹಡಿಯೋ ದಿನ ಹತ್ತಿರ ಬಂದದ್ದು ನನ್ನ ಮಗಳಿಗೇ. ಬಾಣಂತನ ಮಾಡಲಿಕ್ಕೆ ಬಂದಾಕಿ ನಾನು. ಮೂರು ತಿಂಗಳು ಇದ್ದು ಹೋಗೋದಿತ್ತು. ಕೂಸು ಹುಟ್ಟಿತು, ನಡೀತು, ಸಾಲಿಗೆ ಹೋತು, ಈಗ ನನಗ ಎದುರು ಮಾತಾಡತೈತಿ. ನಾನು ಇನ್ನೂ ಇಲ್ಲೇ ಅದೀನಿ. ಊರಾಗ ಗಂಡ ಇರಲಿಲ್ಲ, ತಮ್ಮನ ಮನಿ ಇತ್ತು. ಅವರು ಹೊರಗೇನು ಹಾಕಿರಲಿಲ್ಲ, ಬಾ ಅಂತ ಕರೀಲೂ ಇಲ್ಲ. ಇಲ್ಲಿ ಕೈಗೆ ಕೆಲಸ ಸಿಕ್ಕಿತು, ಉಳಿದೆ. ಇದಕ್ಕ ದೊಡ್ಡ ಕಾರಣ ಹುಡುಕಬ್ಯಾಡ್ರಿ.

ಊರ ಸಾಲಿ ಮಾಸ್ತರು ಫೋನ್ ಮಾಡಿ, "ಕಾಶಿಬಾಯಿ, ನೀ ಅಲ್ಲಿ ಏನೋ ವಿಜ್ಞಾನದ ಕೆಲಸ ಮಾಡೀಯಂತಲ್ಲ, ನಮ್ಮ ಸಾಲಿ ತರೋ ಪುಸ್ತಕಕ್ಕ ಬರದು ಕಳಿಸು," ಅಂದರು. ನಾ ಓದಿದ್ದು ಮೂರನೇ ಇಯತ್ತೆ. ಒತ್ತಕ್ಷರ ತಪ್ಪಿದ್ರ ಮಾಸ್ತರು ತಿದ್ದಲಿ, ಅದು ಅವರ ಕೆಲಸ. ಸಂಗತಿ ಮಾತ್ರ ತಿದ್ದಬಾರದು.

ನಾವು ಇರೋದು ಚಾಳಿನಾಗ. ಒಂದರ ಪಕ್ಕ ಒಂದು ಖೋಲಿ, ಖೋಲಿ ಅಂದ್ರ ಒಂದೇ ಕೋಣೆಯ ಮನಿ. ಅದರಾಗೇ ಅಡಗಿ, ಅದರಾಗೇ ನಿದ್ದಿ, ಅದರಾಗೇ ಬೀಗರು. ಊರಾಗ ನಮ್ಮ ದನದ ಕೊಟ್ಟಿಗಿ ಇದಕ್ಕಿಂತ ದೊಡ್ಡದಿತ್ತು. ಆದ್ರ ಕೊಟ್ಟಿಗಿಗೆ ನಳ ಇರಲಿಲ್ಲ, ಇಲ್ಲಿ ಬಾಗಿಲ ಮುಂದೇ ನಳ ಐತಿ. ಚಾಳಿನ ಹಿಂದ ನಾಲಾ, ನಾಲಾದ ಆಚೆ ಕೆಮಿಕಲ್ ಕಂಪನಿಗಳು. ಊರಾಗ ಹಳ್ಳದ ನೀರು ಬಣ್ಣ ಬದಲಿಸಿದ್ರ ಮ್ಯಾಲೆ ಎಲ್ಲೋ ಮಳಿ ಆಗೇತಿ ಅಂತಿದ್ದಿವಿ. ಇಲ್ಲಿ ನಾಲಾದ ನೀರು ಬಣ್ಣ ಬದಲಿಸಿದ್ರ ಕಂಪನಿಯಾಗ ಬ್ಯಾರೆ ಮಾಲು ತಯಾರಾಗಲಿಕ್ಕತ್ತೈತಿ ಅಂತ ತಿಳೀಬೇಕು. ಒಂದು ವಾರ ನೀಲಿ, ಒಂದು ವಾರ ಅರಿಷಿಣ. ಹೋಳಿ ಹಬ್ಬ ವರ್ಷಪೂರ್ತಿ.

ಜ್ವಾಳ ಇಲ್ಲೂ ಸಿಗತೈತಿ, ಕಲ್ಯಾಣದ ಪ್ಯಾಟಿಯಾಗ ಛಲೋದು ಸಿಗತೈತಿ. ರೊಟ್ಟಿಗೆ ಭಾಕರಿ ಅಂತಾರ, ದಪ್ಪ ಬಡೀತಾರ. ಮೊಮ್ಮಗಳು ಪೂಜಾ ನನ್ನ ರೊಟ್ಟಿ ತಿನ್ನಂಗಿಲ್ಲ. ನಾ ಕನ್ನಡದಾಗ ಬೈತೀನಿ, ಆಕಿ ಎಲ್ಲಾ ತಿಳಕೊಂಡು ಮರಾಠಿಯಾಗ ಉತ್ತರ ಕೊಡತಾಳ: "ಆಜಿ, ಮಲಾ ಚಪಾತಿ ಪಾಹಿಜೆ." ಅಜ್ಜಿ, ನನಗ ಚಪಾತಿ ಬೇಕು ಅಂತ. ಮೊದಲ ಎರಡು ವರ್ಷ ಹೊರಗ ಯಾರ ಜೋಡಿನೂ ನಾ ಮಾತಾಡಿಲ್ಲ. ಮಾತು ಬರೂದಿಲ್ಲ ಅಂದ್ರ ಮನುಷ್ಯಾ ಅರ್ಧ ಆಗತಾನ. ಆಮ್ಯಾಲೆ ತರಕಾರಿಯವಳ ಜೋಡಿ ಒಂದು ದಿನ ಮರಾಠಿಯಾಗ ಜಗಳ ಮಾಡಿ ಗೆದ್ದೆ. ಜಗಳ ಗೆದ್ದ ಮ್ಯಾಲೆ ಊರು ಸ್ವಲ್ಪ ನಮ್ಮದಾಗತೈತಿ. ಅವತ್ತಿಂದ ಎಲ್ಲಾರೂ ನನಗ 'ಕಾನಡಿ ಆಜಿ' ಅಂತಾರ, ಕನ್ನಡದ ಅಜ್ಜಿ.

ಕೆಲಸ ಅಂದ್ರ ಸ್ಲ್ಯಾಬ್ ಹಾಕೋದು. ಮುಂಜಾನೆ ನಾಕಾದಾಗ ನಿಲ್ಲೋದು. ನಾಕಾ ಅಂದ್ರ ಕೂಲಿಯವರು ಕೂಡೋ ರಸ್ತೆ ಮೂಲಿ. ಮುಕಾದಮ ಬಂದು ಹಾಜರಿ ತಗೋತಾನ, ಗಾಡಿ ಹತ್ತಿಸತಾನ. ನಮ್ಮ ಹೆಣ್ಣುಮಕ್ಕಳಾಗ ಒಂದು ರೂಢಿ ಐತಿ. ಒಬ್ಬಾಕಿಗೆ ಜ್ವರ ಬಂದ್ರ, ಇಲ್ಲಾ ಊರಾಗ ಸಾವು ಆಗಿ ಹೋದ್ರ, ಇನ್ನೊಬ್ಬಾಕಿ ಆಕಿ ಹೆಸರಿಗೆ "ಹಾಜರ್" ಅಂತಾಳ. ಬರೇ ಅನ್ನೂದಿಲ್ಲ, ಆಕಿ ಪಾಲಿನ ಕಾಂಕ್ರೀಟ್ ಬುಟ್ಟಿನೂ ತಾನೇ ಹೊರತಾಳ. ಬುಟ್ಟಿ ಕಡಿಮಿ ಆಗಂಗಿಲ್ಲ, ಮುಕಾದಮಗ ಲುಕ್ಸಾನಿಲ್ಲ. ಇದಕ್ಕ ಯಾರರೆ ಕಳ್ಳತನ ಅಂದ್ರ ನಾ ಕೇಳೂದಿಲ್ಲ. ನಮ್ಮಲ್ಲಿ ಇದು ಮರ್ಯಾದಿ.

ಇದನ್ನ ನೆಪ್ಪಿಟ್ಟುಕೊಳ್ರಿ, ಯಾಕಂದ್ರ ಇದೇ ರೂಢಿಯಿಂದ ನಾನು ಇಡೀ ಚಾಳಿನ ಕೆಲಸ ಹಾಳು ಮಾಡಲಿದ್ದೆ.

ನೀಲವ್ವಗ ಕೆಮ್ಮು ಹತ್ತಿತು. ಹಡೆದ ಐದಾರು ವರ್ಷಕ್ಕ ದಮ್ಮು ಆತು. ಮೆಟ್ಟಲ ಹತ್ತಿದ್ರ ಎದಿ ಸಿಳ್ಳಿ ಹಾಕತಿತ್ತು. ನಾಕಾದ ಹತ್ರ ಒಬ್ಬ ಡಾಕ್ಟರ ಇದ್ದ. ಹೋದಾಗೊಮ್ಮೆ ಒಂದೇ ಮಾತು: "ಚುಲೀಚಾ ಧೂರ್." ಒಲಿ ಹೊಗಿ ಅಂತ. ನಮ್ಮ ಖೋಲಿಗೆ ಗ್ಯಾಸ್ ಬಂದು ನಾಕು ವರ್ಷ ಆಗಿತ್ತು. "ಒಲಿ ಇಲ್ರೀ," ಅಂದೆ. "ಹಂಗಾದ್ರ ಗಂಡ ಬೀಡಿ ಸೇದತಾನ," ಅಂದ. ಅಳಿಯ ತಂಬಾಕು ತಿಂತಾನ, ಸೇದಂಗಿಲ್ಲ. "ಹಂಗಾದ್ರ ಧೂಳು," ಅಂದ. ಅವನ ದವಾಖಾನಿ ಕಿಟಕಿಯಿಂದಲೇ ಕಂಪನಿ ಚಿಮಣಿ ಕಾಣತಿತ್ತು. ಅದರ ಹೆಸರು ಅವನ ಬಾಯಿಗೆ ಬರಲಿಲ್ಲ. ಬಡವರ ರೋಗ ಬಡವರ ಮನಿಯಾಗೇ ಹುಟ್ಟಬೇಕು, ಅಷ್ಟೇ ಅವನ ಶಾಸ್ತ್ರ.

ಆ ಹೊತ್ತಿನಾಗ ಒಬ್ಬ ಹುಡುಗಿ ಚಾಳಿಗೆ ಬಂದಳು. ಕೈಯಾಗ ಕಾಗದ, ಬೆನ್ನಿಗೆ ಚೀಲ. ಮರಾಠಿಯಾಗ, ಹಿಂದಿಯಾಗ ಏನೋ ಹೇಳಲಿಕ್ಕತ್ತಿದ್ದಳು. ನಾ ಪೂಜಾಗ, "ಏ ಹುಡುಗಿ, ಬಾಗಿಲ ಹಾಕು, ಇನ್ಶೂರೆನ್ಸ್ ಮಾರಾಕಿ ಬಂದಾಳ," ಅಂದೆ.

"ಅಯ್ಯೋ, ಇಲ್ಲ ಅಜ್ಜಿ! ನಾನು ಏನೂ ಮಾರಲ್ಲ," ಅಂದಳು ಕನ್ನಡದಾಗ.

"ಯಾವೂರಾಕಿ ನೀ?"

"ಮೈಸೂರು. ಈಗ ಸೀವುಡ್ಸ್‌ನಲ್ಲಿ ಇದೀವಿ."

"ನಿನ್ನ ಕನ್ನಡ ಇಸ್ತ್ರಿ ಮಾಡಿ ಮಡಿಚಿಟ್ಟಂಗೈತಿ. ಒಳಗ ಬಾ, ಚಾ ಕುಡಿ."

ಹೆಸರು ವಸುಧಾ. ಡಾಕ್ಟರ ಅಲ್ಲ, ಡಾಕ್ಟರ ಪದವಿಗೆ ಓದಾಕಿ. ಗಾಳಿಗೂ ಉಸಿರಿಗೂ ಏನು ಸಂಬಂಧ ಅಂತ ಹುಡುಕತಿದ್ದಳು. ಒಂದು ಪ್ಲಾಸ್ಟಿಕ್ ಕೊಳವಿ ತೆಗೆದಳು. ಮ್ಯಾಲೆ ಗೆರಿ, ಸಣ್ಣದೊಂದು ಮುಳ್ಳು. ಎದಿ ತುಂಬ ಉಸಿರು ತಗೊಂಡು ಜೋರಾಗಿ ಊದಿದ್ರ ಮುಳ್ಳು ಓಡತೈತಿ. ಎಲ್ಲಿ ನಿಲ್ಲತೈತೋ ಅದೇ ಉಸಿರಿನ ನಂಬರು. ಮುಂಜಾನೆ ಮೂರು ಸಲ, ಸಂಜೀಕ ಮೂರು ಸಲ, ಮೂರರಾಗ ದೊಡ್ಡದನ್ನ ಬರೀಬೇಕು. ನಾ ಊದಿದೆ. ಒಲಿ ಊದಿ ಊದಿ ಪಳಗಿದ ಎದಿ ನಂದು, ಮುಳ್ಳು ಹಾರಿತು. ನೀಲವ್ವ ಊದಿದಳು. ಆಕಿ ನನಗಿಂತ ಇಪ್ಪತ್ತು ವರ್ಷ ಸಣ್ಣಾಕಿ, ಆಕಿ ಮುಳ್ಳು ನನ್ನದರ ಅರ್ಧಕ್ಕ ನಿಂತಿತು. ವಸುಧಾ ಏನೂ ಅನ್ನಲಿಲ್ಲ, ಬರಕೊಂಡಳು. ಏನೂ ಅನ್ನದೇ ಬರಕೊಂಡದ್ದೇ ನನಗ ಹಿಡಿಸಿತು.

ಸ್ಟೇಶನ್ ಕಡೆ ಒಂದು ಓಣಿ, ನಾಲಾ ಕಡೆ ನಮ್ಮ ಚಾಳು, ಎರಡೂ ಕಡೆ ಈ ನಂಬರು ಬರಿಯೋ ಪುಸ್ತಕ ಇಡತಾರಂತ. ಆ ಓಣಿ ಕಂಪನಿಯಿಂದ ದೂರ. ಎರಡನ್ನೂ ಹಿಡಿದು ನೋಡಿದ್ರ ಒಲಿಯೋ ಗಾಳಿಯೋ ತಿಳೀತೈತಿ ಅಂದಳು. ನಮ್ಮ ಚಾಳಿನ ಪುಸ್ತಕ ಯಾರು ಬರೀಬೇಕು? ಕಲಿತ ಸೊಸಿಯರು ಇದ್ದರು, ಅವರಿಗೆ ಪುರುಸೊತ್ತಿಲ್ಲ. ನನ್ನ ಮೊಣಕಾಲು ಹೋಗಿ ಸ್ಲ್ಯಾಬಿನ ಕೆಲಸ ಬಿಟ್ಟಿದ್ದೆ. "ಕೊಡು ಇಲ್ಲೆ," ಅಂದೆ. ನಂಬರು ಬರೀಲಿಕ್ಕೆ ಮೂರನೇ ಇಯತ್ತೆ ಸಾಕು.

ಮುಂಜಾನೆ ನಳ ಬರೋ ಹೊತ್ತಿಗೆ ಕಟ್ಟಿ ಮ್ಯಾಲೆ ಕೂಡತಿದ್ದೆ. ಹೆಣ್ಣುಮಕ್ಕಳು ಕೊಡ ಇಟ್ಟು, ತಮ್ಮ ತಮ್ಮ ಕೊಳವಿ ಊದಿ ಹೋಗೋರು. "ಜೋರಾಗಿ ಊದು, ಗಂಡನ ಮ್ಯಾಲೆ ಒದರೋ ಹೊತ್ತಿನಾಗ ಎಲ್ಲಿಂದ ಬರತೈತಿ ನಿನಗ ಉಸಿರು?" ಅಂತಿದ್ದೆ. ವಾಸನಿ ಬರೀಲಿಕ್ಕೂ ಒಂದು ಸಾಲಿತ್ತು. ಕೊಳೆತ ತತ್ತಿ, ಹಳಸಿದ ಕೋಸು, ಸ್ಪಿರಿಟ್ಟು, ಹಿಂಗ ನಾನೇ ಹೆಸರಿಟ್ಟೆ. ಒಂದು ತಿಂಗಳಾದ ಮ್ಯಾಲೆ ಯಾರೂ ಹೇಳದೇ ಇನ್ನೊಂದು ಸಾಲು ಹೊಡೆದೆ: ಗಾಳಿ. ಹಳೇ ಸೀರಿ ಅಂಚು ಹರಿದು ಬಿದಿರಿನ ತುದಿಗೆ ಕಟ್ಟಿ, ಅದು ಹಾರೋದು ನೋಡಿ ಗಾಳಿ ಬಂದ ದಿಕ್ಕು ಮೂಡಣ, ಪಡುವಣ, ತೆಂಕಣ, ಬಡಗಣ ಅಂತ ಬರೀತಿದ್ದೆ. ರಾಶಿ ತೂರಿದಾಕಿ ನಾನು. ಗಾಳಿ ನೋಡದೇ ಮೊರ ಎತ್ತಿದಾಕಿ ಹೊಟ್ಟು ತಿಂತಾಳ.

ಮಳಿಗಾಲ ಕಳೆದು ಒಂದು ದಿನ ವಸುಧಾ ಬಂದಳು. ಮುಖ ಸಣ್ಣದಾಗಿತ್ತು. ದೊಡ್ಡ ಹಾಳಿ ಹರವಿದಳು.

"ಅಜ್ಜಿ, ಇಲ್ನೋಡಿ. ಶಾಂತವ್ವ, ಗಂಗವ್ವ, ಕೊನೇ ಮನೆ ಸಾವಿತ್ರಿ. ಪಂಚಮಿ ಹೊತ್ತಿಗೆ ಮೂರೂ ಜನರ ನಂಬರ್ ಒಂದೇ ಥರ ಇದೆ. ನಿಮ್ಮದೂ ಅದೇ. ಮಿಷನ್ ಏನಾದ್ರೂ ಕೆಟ್ಟಿತ್ತಾ?"

"ಮಿಷನ್ ಯಾಕ ಕೆಡತೈತಿ? ಮೂವರೂ ಪಂಚಮಿಗೆ ಊರಿಗೆ ಹೋಗಿದ್ರು. ಅವರದು ನಾ ಊದಿದೆ."

"ನೀವು ಊದಿದ್ರಾ?"

"ಹೂಂ. ಒಬ್ಬೊಬ್ಬರದು ಮೂರು, ನಂದು ಮೂರು, ಹನ್ನೆರಡು ಸಲ. ಮುಂಜಾನೆ ಹನ್ನೆರಡು, ಸಂಜೀಕ ಹನ್ನೆರಡು. ದವಡಿ ಹಿಡಕೊಂಡವು. ಬಡಾಯಿ ಯಾಕ ಅಂತ ನಿನಗ ಹೇಳಿರಲಿಲ್ಲ."

ಹುಡುಗಿ ನೆಲಕ್ಕ ಕುಂತಳು. ನಗಬೇಕೋ ಅಳಬೇಕೋ ತಿಳೀದಂಗ ಆಗಿತ್ತು ಆಕಿಗೆ. "ಅಜ್ಜಿ, ಇದು ಅವರವರ ಉಸಿರು. ನಿಮ್ಮ ಉಸಿರು ಅವರ ಹೆಸರಲ್ಲಿ ಹೇಗೆ ಬರೆಯೋದು?"

ಹಂಗ ಕೇಳಿದ ಮ್ಯಾಲೆ ನನಗ ತಿಳೀತು. ನನ್ನ ನಾಡಿ ಹಿಡಿದು ಶಾಂತವ್ವಗ ಔಷಧ ಕೊಟ್ಟಂಗ. ಬುಟ್ಟಿ ಯಾರು ಹೊತ್ತರೂ ಮ್ಯಾಲೆ ಮುಟ್ಟಿದ್ರ ಸಾಕು. ಉಸಿರು ಹಂಗಲ್ಲ. ಇಷ್ಟು ಸಣ್ಣ ಮಾತು ನನ್ನ ತಲಿಗೆ ಹೊಳೀಲಿಲ್ಲ. ಮುದುಕಿ ಆಗೀನಿ, ಹಾಜರಿ ಚಟ ಹೋಗಿರಲಿಲ್ಲ.

"ಈಗೇನಾಗತೈತಿ?"

"ನಮ್ಮ ಗೈಡ್ ಮೇಡಂಗೆ ಗೊತ್ತಾದ್ರೆ ಇಡೀ ಚಾಳಿನ ಪುಸ್ತಕ ತೆಗೆದುಹಾಕ್ತಾರೆ. ಇಷ್ಟು ತಪ್ಪಿದ್ರೆ ಉಳಿದಿದ್ದು ಸರಿ ಅಂತ ಯಾರು ಹೇಳ್ತಾರೆ ಅಂತಾರೆ. ನಂದೂ ಎರಡು ವರ್ಷದ ಕೆಲಸ ಹೋಗುತ್ತೆ."

ಆಕಿ ಎರಡು ವರ್ಷ ಹೋಗೋದು ಕೆಟ್ಟದ್ದೇ. ಆದ್ರ ನನ್ನ ಕಣ್ಣು ನೀಲವ್ವನ ಸಾಲಿನ ಮ್ಯಾಲಿತ್ತು. ಕೊಳೆತ ತತ್ತಿ ವಾಸನಿ ಬಂದ ದಿನಾ ಕೆಳಗ ಬಿದ್ದ ನಂಬರು. ಈ ಪುಸ್ತಕ ಹೋದ್ರ ನನ್ನ ಮಗಳ ಕೆಮ್ಮು ಮತ್ತ ಒಲಿಯಾಗೇ ಹೋಗಿ ಬೀಳತೈತಿ.

ವಸುಧಾ ಹೋದ ಮ್ಯಾಲೆ ಚಾಳಿನ ಹೆಣ್ಣುಮಕ್ಕಳು ಕೂಡಿದರು. ಗಂಗವ್ವ ಜಾಣಿ, ಆಕಿ ಅಂದಳು, "ಮಿಷನ್ ಕೆಟ್ಟಿತ್ತು ಅಂದುಬಿಡು ಯಕ್ಕಾ. ಆ ಹುಡುಗಿನೇ ದಾರಿ ತೋರಿಸ್ಯಾಳ. ಯಾರಪ್ಪನ ಗಂಟು ಹೋಗತೈತಿ?"

ನೀಲವ್ವನೂ ಅಂದಳು, "ಹೌದವ್ವಾ, ಹಂಗ ಅನ್ನು."

"ಮಿಷನ್ ಕೆಟ್ಟಿತ್ತು ಅಂದ್ರ ನಿನ್ನ ನಂಬರೂ ಕೆಟ್ಟ ಮಿಷನ್ನಿನ ನಂಬರ ಆಗತೈತಿ. ತಲಿಯಾಗ ಏನೈತಿ ನಿಮಗ?" ಅಂದೆ. 

ಮರುದಿನ ಪುಸ್ತಕ ಚೀಲದಾಗ ಹಾಕೊಂಡು ನೆರೂಳದಾಗಿನ ವಸುಧಾನ ಕಾಲೇಜಿಗೆ ಹೊಂಟೆ. ನೀಲವ್ವ ಬರತೀನಿ ಅಂದಳು, ಬ್ಯಾಡ ಅಂದೆ. ಗದ್ದಲದಾಗ ಆಕಿಗೆ ಉಸಿರು ಹಿಡೀತೈತಿ. ಡೊಂಬಿವಲಿ ಲೋಕಲ್ಲಿಗೆ ಮುಂಜಾನೆ ಹತ್ತೋದು ಅಂದ್ರ ನಾವು ಹತ್ತೂದಿಲ್ಲ, ಮಂದಿ ನಮ್ಮನ್ನ ಹತ್ತಸತಾರ. ಊರಾಗ ಬಸ್ಸಿನ ಕಂಡಕ್ಟರಗ ಇಳಿಸಪಾ ಅಂದ್ರ ಮನಿ ಮುಂದೇ ನಿಲ್ಲಸತಾನ, ಇಲ್ಲಿ ಇಳಿಯೋ ಊರಿಗೆ ಎರಡು ಸ್ಟೇಶನ್ ಮೊದಲೇ ಬಾಗಿಲಕ್ಕ ಜಗಳಾಡಿ ಹೋಗಬೇಕು. ಠಾಣೆಯಾಗ ಇಳಿದೆ, ಕೇಳಿ ಕೇಳಿ ನೆರೂಳದ ಗಾಡಿ ಹಿಡಿದೆ. ಅದು ಅರ್ಧ ಖಾಲಿ. ಕಿಟಕಿಯಿಂದ ಖಾಡಿ ಕಂಡಿತು, ಖಾಡಿ ಅಂದ್ರ ಒಳಗ ಬಂದ ಸಮುದ್ರದ ನೀರು. ನವಿ ಮುಂಬೈನ ರಸ್ತೆ ಅಗಲ, ಮಂದಿ ಕಡಿಮಿ, ಮರ ಅಳತಿ ಹಿಡಿದು ನೆಟ್ಟಾವ. ಒಂದೇ ಮುಂಜಾನೆಯಾಗ ಎರಡು ದೇಶ ನೋಡಿದಂಗಾತು.

ವಸುಧಾ ನನ್ನ ನೋಡಿ ಗಾಬರಿ ಆದಳು. "ಅಜ್ಜಿ! ಒಬ್ಬರೇ ಬಂದ್ರಾ?"

"ನಿಮ್ಮ ಮೇಡಂ ಎಲ್ಲದಾಳ?"

ಮೇಡಂ ಮರಾಠಿಯಾಕಿ. ತಲಿ ಬೆಳ್ಳಗ, ನನ್ನ ವಾರಿಗಿ. "ಬಸಾ ಆಜಿ," ಅಂದಳು, ಕೂಡ್ರಿ ಅಂತ. ನಾ ಕೂಡಲಿಲ್ಲ. ಕುಂತ್ರ ಮಾತು ಮೆತ್ತಗಾಗತೈತಿ. ವಸುಧಾ ನಡುವ ಬಂದು ಹೇಳಲಿಕ್ಕೆ ಬಂದಳು, ನೀ ಸುಮ್ನಿರು ಅಂದೆ. ಆಕಿ ಹೇಳಿದ್ರ ಆಕಿ ತಪ್ಪು ಆಗತಿತ್ತು. ನನ್ನ ತರಕಾರಿ ಮರಾಠಿಯಾಗ ನಾನೇ ಹೇಳಿದೆ: ಇಂಥವರದು ನಾ ಊದೀನಿ. ನಮ್ಮ ಕೂಲಿಯ ರೂಢಿ ಅದು. ತಪ್ಪು ನಂದು. ಮಿಷನ್ ಕೆಟ್ಟಿರಲಿಲ್ಲ, ಈ ಹುಡುಗಿಗೆ ಗೊತ್ತಿರಲಿಲ್ಲ.

ಮೇಡಂ ಕುರ್ಚಿ ಮುಂದ ಎಳಕೊಂಡಳು. "ಯಾವ ಯಾವ ದಿನ?" ಅಂದಳು. ಪುಸ್ತಕ ಕೊಡಲಿಕ್ಕೆ ಹೋದೆ. "ಅದು ಇಲ್ಲಿರಲಿ. ಪುಸ್ತಕ ನೋಡದೇ ಹೇಳ್ರಿ."

ಪರೀಕ್ಷಾ ಅದು, ನನಗ ತಿಳೀತು. ತಾರೀಖು ನನಗ ನೆಪ್ಪಿರಂಗಿಲ್ಲ, ತಿಥಿ ನೆಪ್ಪಿರತೈತಿ. ಶಾಂತವ್ವ ನಾಗರ ಚೌತಿ ದಿನ ಹೋದಳು, ಎರಡನೇ ಶ್ರಾವಣ ಸೋಮವಾರ ಸಂಜೀಕ ಬಂದಳು. ಸಾವಿತ್ರಿ ಪಂಚಮಿಗೆ ಹೋದಾಕಿ ಹುಣ್ಣಿವಿ ಆದ ಮರುದಿನ ಬಂದಳು, ಬರುವಾಗ ನನಗ ತಂಬಿಟ್ಟು ತಂದಿದ್ದಳು. ಗಂಗವ್ವ ಮೂರೇ ದಿನ, ಅಣ್ಣನ ಜೋಡಿ ಜಗಳಾಡಿ ತಿರುಗಿ ಬಂದಳು. ಮೇಡಂ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಹಿಡಿದು ಒಂದೊಂದಕ್ಕೂ ತಾರೀಖು ಹಾಕಿದಳು. ಆಮ್ಯಾಲೆ ತನ್ನ ಕೈಕೆಳಗ ಓದೋ ಇನ್ನೊಬ್ಬ ಹುಡುಗಿಗೆ ಫೋನ್ ಮಾಡಿ, ಚಾಳಿಗೆ ಹೋಗಿ ಒಬ್ಬೊಬ್ಬರನ್ನೇ ಬ್ಯಾರೆ ಕರೆದು ಕೇಳು ಅಂದಳು. ನನ್ನ ಫೋನು ಮೇಜಿನ ಮ್ಯಾಲೆ ಇಡಿಸಿಕೊಂಡಳು. ನಂಬಿಕಿ ಇಲ್ಲ ಅಂತ ಸಿಟ್ಟು ಬರಲಿಲ್ಲ ನನಗ. ನಾನಾದ್ರೂ ಹಂಗೇ ಮಾಡತಿದ್ದೆ.

ಮಧ್ಯಾಹ್ನ ಮಟ ಅಲ್ಲೇ ಕುಂತೆ. ವಸುಧಾ ಡಬ್ಬಿ ಬಿಚ್ಚಿ ಮೊಸರನ್ನ ಕೊಟ್ಟಳು. ಫೋನ್ ಬಂತು. ಎಲ್ಲಾ ಹೊಂದಿದವು, ಒಂದು ಹೊಂದಲಿಲ್ಲ. ಗಂಗವ್ವನ ಹಲ್ಲು ನೋವು ಅಂತ ಮಳಿಗಾಲದಾಗ ನಾಕು ದಿನ ಆಕಿ ಸೊಸಿ ಊದಿದ್ದಳಂತ. ಬೆಳಕು ಹರಿಯೋ ಮೊದಲೇ ಕಟ್ಟಿಗೆ ಬಂದು, ಸೆರಗು ಮುಖದ ತುಂಬ ಹೊದ್ದು ಊದಿ ಹೋಗ್ಯಾಳ. ನನಗೂ ತಿಳೀದಂಗ.

"ಇದು ನನಗ ಗೊತ್ತಿರಲಿಲ್ಲ. ಗಂಗವ್ವನ ಇಡೀ ಸಾಲು ಹೊಡೀರಿ," ಅಂದೆ. "ನಿಮಗ ಯಾವುದರ ಮ್ಯಾಲೆ ಸಂಶೆ ಐತೋ ಅದನ್ನೆಲ್ಲಾ ಹೊಡೀರಿ. ಉಳಿದದ್ದು ಖರೇ ಐತಿ. ಅದನ್ನ ಚೆಲ್ಲಬ್ಯಾಡ್ರಿ."

ಮೇಡಂ ಕೆಂಪು ಪೆನ್ನು ತಗೊಂಡು ಹೊಡೆದಳು. ನನ್ನ ಅಕ್ಷರದ ಮ್ಯಾಲೆ ಗೆರಿ ಬೀಳೋದು ನೋಡಲಿಕ್ಕೆ ಛಲೋ ಅನಿಸಲಿಲ್ಲ, ಸುಳ್ಳು ಯಾಕ ಹೇಳಲಿ. ಹೊಡೀತಾ ಹೊಡೀತಾ ಕೊನೇ ಸಾಲಿನ ಮ್ಯಾಲೆ ಬಟ್ಟಿಟ್ಟಳು. "ಇದೇನು?"

"ಗಾಳಿ."

"ಬರೀ ಅಂತ ಯಾರು ಹೇಳಿದರು?"

"ಯಾರೂ ಹೇಳಿಲ್ಲ. ವಾಸನಿ ಬರೆದ ಮ್ಯಾಲೆ ಎಲ್ಲಿಂದ ಬಂತು ಅಂತ ಬರೀಬೇಕಲ್ಲ?"

ನಮ್ಮ ಚಾಳಿನ ಹತ್ತಿರದಾಗೇ ಒಂದು ಮಾಳಿಗಿ ಮ್ಯಾಲೆ ಗಾಳಿ ಅಳೆಯೋ ಮಿಷನ್ ಇತ್ತಂತ. ಕಂಪ್ಯೂಟರ್ ತೆಗೆದು ನಾಕೈದು ದಿನದ್ದು ನನ್ನ ಸಾಲಿನ ಜೋಡಿ ಹಿಡಿದು ನೋಡಿದಳು, ದಿಕ್ಕು ಎಲ್ಲಾ ಹೊಂದಿದವು. ವಸುಧಾ ನನ್ನ ಕೈ ಹಿಡಕೊಂಡಿದ್ದಳು. ಮೇಡಂ ಚಷ್ಮಾ ತೆಗೆದು ಕಣ್ಣು ಒರಸಿಕೊಂಡು, "ಪುಸ್ತಕ ಇರಲಿ," ಅಂದಳು. "ಪಣ ಪುನ್ಹಾ ನಾಹಿ." ಆದ್ರ ಇನ್ನೊಮ್ಮೆ ಇಲ್ಲ.

"ಪುನ್ಹಾ ನಾಹಿ," ಅಂದೆ. ಆವಾಗ ಕುಂತೆ.

ಅವರು ಬರದದ್ದು ಆಮ್ಯಾಲೆ ಇಂಗ್ಲಿಷಿನಾಗ ಛಾಪಾ ಆತು. ವಸುಧಾ ಚಾಳಿಗೆ ಬಂದು ಎಲ್ಲಾರಿಗೂ ತಿಳಿಸಿ ಹೇಳಿದಳು. ಪಡುವಣದ ನಾಲಾ ಕಡೆಯಿಂದ ಗಾಳಿ ಬಂದು, ಕೊಳೆತ ತತ್ತಿ ವಾಸನಿ ಹಬ್ಬಿದ ದಿನ ನಮ್ಮ ಚಾಳಿನ ಉಸಿರು ಬೀಳತೈತಿ. ಸ್ಟೇಶನ್ ಕಡೆ ಓಣಿದು ಅಷ್ಟು ಬೀಳಂಗಿಲ್ಲ. ಒಲಿ ಇದ್ದವರದೂ ಬೀಳತೈತಿ, ಗ್ಯಾಸ್ ಇದ್ದವರದೂ ಬೀಳತೈತಿ. ಇದು ಒಂದು ಚಾಳಿನ ಮಾತು, ಇನ್ನೂ ಬಹಳ ನೋಡಬೇಕು ಅಂತಲೂ ಹೇಳಿದಳು. ಅದರಾಗ ನಮ್ಮ ಯಾರ ಹೆಸರೂ ಇಲ್ಲ. ಹೆಸರು ಹಾಕಬಾರದು ಅಂತ ಅವರ ನಿಯಮ. ನನಗ ಬ್ಯಾಸರಿಲ್ಲ, ನಾ ಹೊತ್ತು ಕಟ್ಟಿದ ಎಷ್ಟು ಬಿಲ್ಡಿಂಗಿನ ಮ್ಯಾಲೆ ನನ್ನ ಹೆಸರೈತಿ? "ಗಾಳಿ ಎಲ್ಲಿ ಬರದೀರಿ ತೋರಿಸು," ಅಂದೆ. ವಸುಧಾ ಬಟ್ಟಿಟ್ಟು ತೋರಿಸಿದಳು. ಇಂಗ್ಲಿಷ್ ನನಗ ಬರೂದಿಲ್ಲ. ಆದ್ರ ಆ ಸಾಲು ನನ್ನ ಸೀರಿ ಅಂಚಿನಿಂದ ಹುಟ್ಟಿದ್ದು, ಅದು ಗೊತ್ತು.

ಕಂಪನಿ ಬಂದಾಗಲಿಲ್ಲ. ವಾಸನಿ ನಿಂತಿಲ್ಲ. ನಾ ಹಂಗ ಬರೀಲಿಕ್ಕೆ ಹೋದ್ರ ಸುಳ್ಳಾಗತೈತಿ. ಆದ್ರ ಆ ಕಾಗದದ ನಕಲು ತಗೊಂಡು ನೀಲವ್ವನ ಜೋಡಿ ಡಾಕ್ಟರನ ಕಡೆ ಹೋದೆ. ಓದಿದ. ಕಿಟಕಿ ಕಡೆ ನೋಡಿದ. ಒಲಿ ಅನ್ನಲಿಲ್ಲ. ಎಳಕೊಳ್ಳೋ ಔಷಧದ ಪಂಪು ಬರದುಕೊಟ್ಟು, "ಯಾವ ದಿನ ಜಾಸ್ತಿ ಆಗತೈತಿ?" ಅಂತ ಕೇಳಿದ. ಅಷ್ಟು ವರ್ಷದಾಗ ಅವನು ನನ್ನ ಮಗಳಿಗೆ ಕೇಳಿದ ಮೊದಲನೇ ಪ್ರಶ್ನೆ ಅದು. ಪಂಪಿನಿಂದ ನೀಲವ್ವ ಈಗ ಮೆಟ್ಟಲ ಹತ್ತತಾಳ. ನಾ ಯಾರ ಮುಂದೂ ಅಷ್ಟು ಎದಿ ಉಬ್ಬಿಸಿ ನಡೆದಾಕಿ ಅಲ್ಲ, ಅವತ್ತು ನಾಕಾದ ಮುಂದ ನಡೆದೆ.

ಎರಡನೇ ವರ್ಷಕ್ಕೂ ಪುಸ್ತಕ ಕೊಟ್ಟರು. ಆ ವರ್ಷ ತಮ್ಮನ ಮಗನ ಮದುವಿಗೆ ಊರಿಗೆ ಹೋದೆ, ಹದಿನೈದು ದಿನ. ಕೊಳವಿ ಒಯ್ದಿದ್ದೆ. ಅಂಗಳದಾಗ ನಿಂತು ದಿನಾ ಊದಿದೆ. ನಾಕನೇ ದಿನಕ್ಕ ಮುಳ್ಳು ಎಂದೂ ಹೋಗದ ಗೆರಿಗೆ ಹೋತು. ತಮ್ಮ ನೋಡಿ ಅಂದ, "ನೋಡಕ್ಕಾ, ನಿನ್ನ ಮಿಷನ್ನೇ ಹೇಳತೈತಿ. ಇಲ್ಲೇ ಇರು. ಆ ಹೊಲಸು ಗಾಳಿಗೆ ಯಾಕ ಹೋಗತಿ?" ಈ ಸಲ ಕರೆದ. ಅವನ ಮಾತಿನಾಗ ತಪ್ಪಿರಲಿಲ್ಲ, ಮೈ ಹಗುರಿತ್ತು, ನಿದ್ದಿ ಬರತಿತ್ತು. ಆದ್ರ ಮುಂಜಾನೆ ಎದ್ದು ಗಾಳಿ ಪಡುವಣ ಐತಿ ಅಂದ್ರ ಮನಿಯಾಗಿನ ಮಂದಿ, "ಯಕ್ಕ ಗಾಳಿ ಮೂಸತಾಳ," ಅಂತ ನಗತಿದ್ದರು. ಯಾರಿಗೆ ಹೇಳಲಿ?

ತಿರುಗಿ ಡೊಂಬಿವಲಿಗೆ ಬಂದು ಪುಸ್ತಕ ತೆಗೆದೆ. ಎಲ್ಲಾರ ಸಾಲೂ ತುಂಬಿದ್ದವು. ಗಾಳಿ ಸಾಲು ನೀಲವ್ವ ಬರೆದಿದ್ದಳು. ನನ್ನ ಹೆಸರಿನ ಮುಂದ ಹದಿನೈದು ದಿನ ಖಾಲಿ.

"ನೀ ಇರಲಿಲ್ಲಲ್ಲ ಯಕ್ಕಾ," ಅಂದಳು ಶಾಂತವ್ವ. "ಯಾರೂ ಮುಟ್ಟಿಲ್ಲ."

ಊರಾಗ ಊದಿದ ನಂಬರು ಆ ಖಾಲಿ ಜಾಗದಾಗ ತುಂಬಲೇನು ಅಂತ ವಸುಧಾಗ ಫೋನ್ ಮಾಡಿ ಕೇಳಿದೆ. "ಇಲ್ಲ ಅಜ್ಜಿ, ಅದು ಬೇರೆ ಗಾಳಿ. ಅದನ್ನ ಬೇರೆ ಚೀಟಿಯಲ್ಲಿ ಇಟ್ಕೊಳ್ಳಿ," ಅಂದಳು. ಹಂಗೇ ಮಾಡೀನಿ. ನನ್ನ ಛಲೋ ಉಸಿರು ಈಗ ಪುಸ್ತಕದ ನಡುವ ಬಿಡಿ ಚೀಟಿಯಾಗೈತಿ. ಅದಕ್ಕ ಯಾವ ಪುಸ್ತಕದಾಗೂ ಸಾಲಿಲ್ಲ.

ಮರುದಿನ ನಳ ಬಂತು. ಹೆಣ್ಣುಮಕ್ಕಳು ಕೊಡ ಹಿಡಿದು ಬಂದರು. ಮೊದಲು ನಾ ಊದಿದೆ. ಊರಾಗಿನಕ್ಕಿಂತ ಬಹಳ ಕಡಿಮಿ ಬಂತು. ಬಂದದ್ದನ್ನೇ ಬರೆದೆ.